ಹದಿಮೂರು ಕಲ್ಲು, ಒಂದು ಖಾಲಿ ಗೂಡು: ಮೈಸೂರಿನ ವಜ್ರದಂಗಡಿಯೊಂದರ ವಿಮರ್ಶೆ

ನನ್ನ ಅತ್ತೆಯವರ ಏಳು ಕಲ್ಲಿನ ವಜ್ರದ ಓಲೆಯಲ್ಲಿ ಒಂದು ಕಲ್ಲು ಉದುರಿಹೋಗಿದೆ ಎಂಬುದು ನಮಗೆ ತಿಳಿದದ್ದು ಮಗಳ ಮದುವೆಗೆ ಮೂರು ತಿಂಗಳು ಉಳಿದಿದ್ದಾಗ, ಮಂಡ್ಯದ ಬ್ಯಾಂಕಿನ ಲಾಕರಿನಿಂದ ಡಬ್ಬಿಯನ್ನು ಮನೆಗೆ ತಂದು ಬಿಚ್ಚಿದ ಸಂಜೆ. ಜೊತೆ ಓಲೆಯಲ್ಲಿ ಹದಿನಾಲ್ಕು ಕಲ್ಲುಗಳಿರಬೇಕಾದ ಕಡೆ ಹದಿಮೂರು ಇದ್ದವು. ಎಡಗಿವಿಯ ಓಲೆಯ ಅಂಚಿನ ಒಂದು ಗೂಡು ಖಾಲಿಯಾಗಿತ್ತು. ಡಬ್ಬಿಯ ಮಖಮಲ್ಲನ್ನು ಎರಡು ಸಲ ಕೊಡವಿದರೂ ಕಲ್ಲು ಸಿಗಲಿಲ್ಲ. ಅತ್ತೆಯವರು ಪಾಂಡವಪುರದ ಕಡೆಯವರು. ವರ್ಷಕ್ಕೆ ಒಂದೇ ರಾತ್ರಿ, ಮೇಲುಕೋಟೆಯ ವೈರಮುಡಿ ಉತ್ಸವದಂದು, ಈ ಓಲೆಯನ್ನು ಹಾಕಿಕೊಳ್ಳುತ್ತಿದ್ದರು. ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ಹೊರಡುವ ವಜ್ರದ ಕಿರೀಟವನ್ನು ದಾರಿಯುದ್ದಕ್ಕೂ ಹಳ್ಳಿಗಳವರು ಪೂಜೆ ಮಾಡಿ ಕಳುಹಿಸಿಕೊಡುವ ಸೀಮೆ ಇದು. ದೇವರು ವಜ್ರ ತೊಡುವ ರಾತ್ರಿ ತಾವೂ ತೊಡಬೇಕೆಂಬುದು ಅವರ ಲೆಕ್ಕ. ಅಂಥ ಓಲೆಯನ್ನು ಹದಿಮೂರೇ ಕಲ್ಲಿನಲ್ಲಿ ಮಗಳ ಕಿವಿಗಿಡಲು ನನ್ನ ಹೆಂಡತಿ ಒಪ್ಪುವಂತಿರಲಿಲ್ಲ.

ಆ ಒಂದು ಕಲ್ಲನ್ನು ಹುಡುಕಿ ಕೂರಿಸಿಕೊಳ್ಳುವುದಕ್ಕೆ, ಜೊತೆಗೆ ಮಗಳಿಗೊಂದು ಹೊಸ ಮೂಗುತಿ ಕೊಳ್ಳುವುದಕ್ಕೆ, ನಾವು ಮೈಸೂರಿಗೆ ಐದು ಸಲ ಹೋಗಿಬಂದೆವು. ಆ ಓಡಾಟದಲ್ಲಿ ಕೊನೆಗೆ ನೆಚ್ಚಿಕೊಂಡದ್ದು ಅಶೋಕ ರಸ್ತೆಯ ಪಕ್ಕದ ಗಲ್ಲಿಯಲ್ಲಿರುವ ಒಂದು ಹಳೆಯ ಅಂಗಡಿಯನ್ನು. ಅದರ ಬಗ್ಗೆ ಬರೆಯುತ್ತೇನೆಂದಾಗ ಯಜಮಾನರು, "ಹೆಸರು ಮಾತ್ರ ಹಾಕಬೇಡಿ ಮೇಷ್ಟ್ರೇ, ಇರೋ ರಿಪೇರಿನೇ ಮುಗೀತಾ ಇಲ್ಲ" ಎಂದರು, ಹಾಗಾಗಿ ಹಾಕಿಲ್ಲ. ನಾನು ಭೂವಿಜ್ಞಾನದ ಅಧ್ಯಾಪಕನಾಗಿ ನಿವೃತ್ತನಾದವನು. ವಜ್ರ ಹೇಗೆ ಹುಟ್ಟುತ್ತದೆ ಎಂದು ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ಕೊಳ್ಳಲು ಹೋದದ್ದು ಇದೇ ಮೊದಲು. ಅಂಗಡಿಯನ್ನು ಅಳೆಯಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ: ಬಾಯಲ್ಲಿ ಹೇಳಿದ್ದರಲ್ಲಿ ಎಷ್ಟನ್ನು ಬಿಲ್ಲಿನ ಮೇಲೆ ಬರೆದುಕೊಡುತ್ತಾರೆ? ಚಿನ್ನದ ದರ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಯಾವ ಅಂಗಡಿಗೆ ಹೋದರೂ ಆ ಸಂಖ್ಯೆಯ ಆಚೀಚೆಯೇ ಮಾತು. ವಜ್ರಕ್ಕೆ ಗಿರಾಕಿಯ ಕೈಗೆ ಸಿಗುವ ಅಂಥ ದರವಿಲ್ಲ. ಆದ್ದರಿಂದ ಬರವಣಿಗೆಯಲ್ಲಿ ಇಲ್ಲದ್ದನ್ನು ಇಲ್ಲವೆಂದೇ ತಿಳಿದುಕೊಂಡು ವ್ಯವಹರಿಸುವುದು ಕ್ಷೇಮ.

ಮೊದಲ ದಿನ ನಾವು ಹೋದದ್ದು ಇಲ್ಲಿಗಲ್ಲ, ಒಂದು ದೊಡ್ಡ ಷೋರೂಮಿಗೆ. ಬಾದಾಮಿ ಹಾಲು ಕೊಟ್ಟರು, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು, ಓಲೆಯನ್ನು ತಿರುಗಿಸಿ ನೋಡಿ ತೂಕಕ್ಕೆ ಹಾಕಿದರು. ಇಂಥ ಹಳೆಯ ಕಟಿಂಗಿನ ಬಿಡಿ ಕಲ್ಲು ತಮ್ಮಲ್ಲಿ ಸಿಗುವುದಿಲ್ಲವೆಂದೂ, ಓಲೆಯನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳುವುದೇ ಜಾಣತನವೆಂದೂ ಅಲ್ಲಿನ ಹುಡುಗ ವಿನಯದಿಂದಲೇ ಹೇಳಿದ. ಲೆಕ್ಕ ಹಾಕಿಸಿದಾಗ ಚಿನ್ನಕ್ಕೆ ಅಂದಿನ ದರ ಬಂತು. ಹದಿಮೂರು ವಜ್ರಗಳ ಎದುರಿಗೆ ಸೊನ್ನೆ. ಕಾರಣ ಕೇಳಿದರೆ, ಸರ್ಟಿಫಿಕೇಟ್ ಇಲ್ಲದ ಕಲ್ಲಿಗೆ ಬೆಲೆ ಕಟ್ಟಲಾಗದು ಎಂಬ ಉತ್ತರ. ಅದೇ ಕೈಯಲ್ಲಿ ಅವನು ತೋರಿಸಿದ ಹೊಸ ಓಲೆಯ ಕಲ್ಲುಗಳಿಗೆ ಮುನ್ನೂರು ಕೋಟಿ ವರ್ಷ ವಯಸ್ಸೆಂದೂ, ಅದಕ್ಕೇ ಆ ಬೆಲೆಯೆಂದೂ ವಿವರಿಸಿದ. ವಯಸ್ಸಿನ ವಿಷಯದಲ್ಲಿ ಅವನು ಹೇಳಿದ್ದು ತಪ್ಪೇನಲ್ಲ. ಹಲವು ವಜ್ರಗಳು ಅಷ್ಟು ಹಳೆಯವೇ. ಆದರೆ ಮಂಡ್ಯ ಸೀಮೆಯ ನೆಲದಡಿಯ ನೈಸ್ ಶಿಲೆಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಹಳೆಯದಾದದ್ದಕ್ಕೇ ಬೆಲೆ ಎನ್ನುವುದಾದರೆ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಚಪ್ಪಡಿಯನ್ನೂ ಸರ್ಟಿಫಿಕೇಟ್ ಮಾಡಿಸಿ ಲಾಕರಿನಲ್ಲಿಡಬೇಕಾಗುತ್ತದೆ.

ಗಲ್ಲಿಯ ಅಂಗಡಿಯಲ್ಲಿ ಹಾಲೂ ಇಲ್ಲ, ಮೆತ್ತನೆಯ ಕುರ್ಚಿಯೂ ಇಲ್ಲ. ಒಂದು ಉದ್ದನೆಯ ಗಾಜಿನ ಕೌಂಟರು, ಅದರ ಮೇಲೆ ಟ್ಯೂಬ್‌ಲೈಟಿನಡಿ ಒಂದು ಬಿಳಿ ಹಾಳೆ, ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ತಕ್ಕಡಿ, ಹಿಂದೆ ಕೆಲಸಗಾರರ ಕೋಣೆ. ಯಜಮಾನರು ಓಲೆಯನ್ನು ತೂಗುವ ಮೊದಲು ಬೆಚ್ಚನೆಯ ಸೋಪಿನ ನೀರಿನಲ್ಲಿ ಅದ್ದಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರು. ವಜ್ರಕ್ಕೆ ಎಣ್ಣೆಜಿಡ್ಡು ಬಲು ಬೇಗ ಅಂಟಿಕೊಳ್ಳುತ್ತದೆ, ಕೊಳೆಯ ಮೇಲೆ ಬಣ್ಣ ನೋಡಬಾರದು ಎಂದರು. (ಗಣಿಗಳಲ್ಲಿ ಇದೇ ಗುಣವನ್ನು ಬಳಸಿಕೊಂಡು, ಪುಡಿಮಾಡಿದ ಅದಿರನ್ನು ನೀರಿನೊಂದಿಗೆ ಗ್ರೀಸು ಬಳಿದ ಇಳಿಜಾರು ಮೇಜಿನ ಮೇಲೆ ಹರಿಸುತ್ತಿದ್ದರು, ಬೇರೆ ಕಲ್ಲೆಲ್ಲ ನೀರಿನೊಂದಿಗೆ ಜಾರಿಹೋದರೆ ವಜ್ರ ಮಾತ್ರ ಗ್ರೀಸಿಗೆ ಕಚ್ಚಿಕೊಳ್ಳುತ್ತಿತ್ತು. ಪಾಠದಲ್ಲಿ ನೂರು ಸಲ ಹೇಳಿದ್ದನ್ನು ನಾನು ಅಂದು ಒಂದು ಸೋಪಿನ ಬಟ್ಟಲಿನಲ್ಲಿ ಕಂಡೆ.) ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರವನ್ನು ಕಣ್ಣಿಗೆ ಒತ್ತಿಕೊಂಡು ಒಂದೊಂದೇ ಕಲ್ಲನ್ನು ನೋಡಿದರು, ನನಗೂ ನೋಡಲು ಕೊಟ್ಟರು. ಪ್ರತಿ ಕಲ್ಲಿನ ನಡುವೆ, ಬಾವಿಯ ತಳದಂತೆ, ಒಂದು ಸಣ್ಣ ದುಂಡು ಕಿಟಕಿ ಕಾಣುತ್ತಿತ್ತು. ಇಂದಿನ ಕಲ್ಲುಗಳ ತಳ ಚೂಪಾಗಿರುತ್ತದೆ. ಹಿಂದಿನವರು ಆ ತುದಿಯನ್ನು ಚೂರು ಉಜ್ಜಿ ಚಪ್ಪಟೆ ಮಾಡುತ್ತಿದ್ದರು. ಬೆಳಕನ್ನು ಹೆಚ್ಚು ಹೊರಕ್ಕೆ ತಿರುಗಿಸುವ ಕೋನಗಳ ಲೆಕ್ಕವನ್ನು ಮಾರ್ಸೆಲ್ ಟೋಲ್ಕೋವ್‌ಸ್ಕಿ 1919ರಲ್ಲಿ ಪ್ರಕಟಿಸಿದ ಮೇಲೆ ಕಟಿಂಗಿನ ರೂಢಿ ನಿಧಾನವಾಗಿ ಬದಲಾಯಿತು. ನಮ್ಮ ಓಲೆಯ ಕಲ್ಲುಗಳು ಆ ಹಳೆಯ ರೂಢಿಯವು.

ಕೊನೆಗೆ ಅವರು ಅಂಗಡಿಯ ದೀಪ ಆರಿಸಿ, ಅತಿನೇರಳೆ ಬೆಳಕಿನ ಪುಟ್ಟ ಟಾರ್ಚನ್ನು ಓಲೆಯ ಮೇಲೆ ಹಿಡಿದರು. ಹದಿಮೂರೂ ಕಲ್ಲುಗಳು ಒಟ್ಟಿಗೆ ನೀಲಿಯಾಗಿ ಉರಿದವು. ಖಾಲಿ ಗೂಡು ಮಾತ್ರ ಕಪ್ಪಗಿತ್ತು. ನನ್ನ ಹೆಂಡತಿ, "ಅಮ್ಮ ಹೇಳ್ತಾ ಇದ್ದರಲ್ಲ, ಬ್ಲೂ ಜಾಗರ್ ಅಂತ" ಎಂದಳು.

ಈ ಮಾತು ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಇಂದಿಗೂ ಇದೆ, ಅದರ ಹುಟ್ಟೂರು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಎಂಬಲ್ಲಿ 1870ರಲ್ಲಿ ವಜ್ರ ಸಿಕ್ಕಿತು. ಅಲ್ಲಿನ ಕಲ್ಲುಗಳಿಗೆ ನೀಲಿ ಛಾಯೆಯ ಬಿಳುಪಿನ ಖ್ಯಾತಿ ಇತ್ತು. 1893ರಲ್ಲಿ 995 ಕ್ಯಾರಟ್ಟಿನ ಎಕ್ಸೆಲ್ಸಿಯರ್ ವಜ್ರ ಸಿಕ್ಕಿದ್ದೂ ಅಲ್ಲಿಯೇ. ಆ ಊರಿನ ಹೆಸರು ವ್ಯಾಪಾರಿಗಳ ಬಾಯಲ್ಲಿ 'ಜಾಗರ್' ಆಗಿ, ಮದರಾಸು, ಬೆಂಗಳೂರು, ಮೈಸೂರುಗಳ ಆಭರಣದಂಗಡಿಗಳಲ್ಲಿ ಒಂದು ದರ್ಜೆಯ ಹೆಸರಾಗಿ ನಿಂತಿತು. ಆಮೇಲೆ ನೀಲಿ ಹೊಳಪಿರುವ ಕಲ್ಲು ಎಲ್ಲಿಂದಲೇ ಬಂದಿರಲಿ, ಅದು ಬ್ಲೂ ಜಾಗರ್. ಗಣಿ ಬಹಳ ಹಿಂದೆಯೇ ಮುಚ್ಚಿತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ತ್ಯಾಜ್ಯ ಮಣ್ಣಿನ ಕಟ್ಟೆ ಒಡೆದು ಕೆಸರು ಊರಿನ ಮನೆಗಳ ಮೇಲೆ ನುಗ್ಗಿದ ಸುದ್ದಿಯನ್ನು ಓದಿದಾಗ, ನಮ್ಮ ಲಾಕರಿನಲ್ಲಿರುವ ಡಬ್ಬಿಗೂ ಆ ಊರಿಗೂ ಇರುವ ನಂಟು ನನಗೆ ಹೊಳೆದಿರಲಿಲ್ಲ. ಯಜಮಾನರಿಗೆ ಇದನ್ನು ಹೇಳಿದಾಗ ಅವರು ಅಂಗಡಿಯವರ ಬಾಯಲ್ಲಿ ಅಪರೂಪಕ್ಕೆ ಬರುವ ಮಾತಾಡಿದರು: ನಿಮ್ಮ ಕಲ್ಲು ಅದೇ ಗಣಿಯದು ಎಂದು ನಾನು ಹೇಳಲಾರೆ, ನೀಲಿ ಹೊಳೆಯುತ್ತದೆ ಎಂದಷ್ಟೇ ಬರೆದುಕೊಡುತ್ತೇನೆ. ಅದು ಸರಿಯೂ ಹೌದು. ಅತಿನೇರಳೆ ಬೆಳಕಿಗೆ ಹೊಳೆಯುವ ವಜ್ರಗಳು ಎಲ್ಲ ಗಣಿಗಳಲ್ಲೂ ಸಿಗುತ್ತವೆ, ಹೊಳೆಯುವವುಗಳಲ್ಲಿ ನೀಲಿಯದೇ ಬಹುಪಾಲು. ತಮಾಷೆಯೆಂದರೆ, ನಮ್ಮ ಅಜ್ಜಿಯಂದಿರು ಹೆಚ್ಚು ಹಣ ಕೊಟ್ಟು ಬಯಸಿ ಕೊಂಡ ಇದೇ ಗುಣ, ಇಂದಿನ ವ್ಯಾಪಾರದಲ್ಲಿ ಒಳ್ಳೆಯ ಬಣ್ಣದ ಕಲ್ಲಿನ ಬೆಲೆಯನ್ನು ಕೊಂಚ ಇಳಿಸುವ ದೋಷವಾಗಿ ಎಣಿಕೆಯಾಗುತ್ತದೆ.

ಹಾಗೆ ನೋಡಿದರೆ, ನಮಗೆ ವಜ್ರ ಆಫ್ರಿಕಾದಿಂದ ಬರುವ ವಸ್ತುವಾದದ್ದೇ ಇತ್ತೀಚಿನ ಮಾತು. 1720ರ ದಶಕದಲ್ಲಿ ಬ್ರೆಜಿಲಿನ ಹೊಳೆಗಳಲ್ಲಿ ವಜ್ರ ಕಾಣಿಸಿಕೊಳ್ಳುವವರೆಗೆ ಲೋಕದ ವಜ್ರವೆಲ್ಲ ಹೆಚ್ಚುಕಡಿಮೆ ಭಾರತದ್ದೇ ಆಗಿತ್ತು. ಗೋಲ್ಕೊಂಡದ ಹೆಸರಿನಲ್ಲಿ ಮಾರಾಟವಾದ ಕಲ್ಲುಗಳು ಗೋಲ್ಕೊಂಡದ ಕೋಟೆಯಲ್ಲಿ ಹುಟ್ಟಿದವಲ್ಲ. ಕೃಷ್ಣಾ ನದಿಯ ದಂಡೆಯ ಕೊಲ್ಲೂರಿನಂಥ ಗಣಿಗಳಿಂದ ಅಲ್ಲಿನ ಪೇಟೆಗೆ ಬಂದವು. ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ತವೆರ್ನಿಯೇ, ಗಂಡಸರು ಹೆಂಗಸರು ಮಕ್ಕಳೆಲ್ಲ ಸೇರಿ ಅರುವತ್ತು ಸಾವಿರ ಮಂದಿ ಕೊಲ್ಲೂರಿನಲ್ಲಿ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ನಮಗೆ ಇನ್ನೂ ಹತ್ತಿರದ್ದು ವಜ್ರಕರೂರು, ಗುಂತಕಲ್ಲಿನ ಮಗ್ಗುಲಲ್ಲೇ ಇದೆ. ವಿಜಯನಗರದ ಕಾಲದಲ್ಲಿ ಆ ಸೀಮೆಯ ಗಣಿಗಳಲ್ಲಿ ಗೊತ್ತಾದ ತೂಕಕ್ಕಿಂತ ದೊಡ್ಡ ಕಲ್ಲು ಸಿಕ್ಕರೆ ಅದು ಅರಸನ ಪಾಲು. ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಮುಂಗಾರಿನ ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ಹೊಲದ ತುಂಬ ಜನ ತಲೆ ತಗ್ಗಿಸಿಕೊಂಡು, ಬಿದ್ದ ಕಾಸನ್ನು ಹುಡುಕುವವರಂತೆ ನಡೆಯುತ್ತಿದ್ದರು. ಮಳೆ ಮೇಲ್ಮಣ್ಣನ್ನು ತೊಳೆದಾಗ ಹರಳು ಬಿಸಿಲಿಗೆ ಮಿನುಗುತ್ತದೆ ಎಂಬ ಆಸೆ. ಅಲ್ಲಿನ ನೆಲದಡಿಯಲ್ಲಿ ಕಿಂಬರ್ಲೈಟ್ ಶಿಲೆಯಿದೆ: ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಆಳದ ಒತ್ತಡದಲ್ಲಿ ಹರಳಾದ ಇಂಗಾಲವನ್ನು ಎತ್ತಿಕೊಂಡು ರಭಸದಿಂದ ಮೇಲಕ್ಕೆ ಸಿಡಿದು, ಕ್ಯಾರೆಟ್ ಗೆಡ್ಡೆಯ ಆಕಾರದಲ್ಲಿ ತಣಿದು ನಿಂತ ಶಿಲೆ. ಅದಕ್ಕೆ ಹೆಸರು ಬಂದದ್ದು ಮತ್ತೆ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಿಂದ. ಅಂಥ ಶಿಲೆ ಸಿಕ್ಕಿದ ಮಾತ್ರಕ್ಕೆ ವಜ್ರ ಸಿಕ್ಕಂತಲ್ಲ. ಬಹುಪಾಲು ಕಿಂಬರ್ಲೈಟುಗಳಲ್ಲಿ ತೋಡುವಷ್ಟು ವಜ್ರ ಇರುವುದೇ ಇಲ್ಲ, ಇದ್ದರೂ ಒಂದು ಟನ್ ಬಂಡೆಗೆ ಒಂದು ಕ್ಯಾರಟ್, ಅಂದರೆ ಗ್ರಾಮಿನ ಐದನೆಯ ಒಂದು ಪಾಲು, ಬಂದರೆ ಅದು ಒಳ್ಳೆಯ ಗಣಿ.

ಅಂಗಡಿಗೆ ಮರಳುತ್ತೇನೆ. ಕಲ್ಲು ಹುಡುಕಲು ಯಜಮಾನರು ಮೂರು ವಾರ ಕೇಳಿದರು, ತೆಗೆದುಕೊಂಡದ್ದು ಐದು ವಾರ. ಕಾಯುವುದು ಬೇಸರ ತಂದಿತಾದರೂ ಕಾರಣ ನ್ಯಾಯವಾಗಿತ್ತು. ಇಂದು ಲೋಕದಲ್ಲಿ ಹೊಳಪು ಪಡೆಯುವ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಸೂರತ್ತಿನ ಕೈಗಳಿಂದಲೇ ಹೊರಬರುತ್ತವೆ. ಬೋಟ್ಸ್‌ವಾನಾದ್ದಾಗಲಿ, ರಷ್ಯಾದ್ದಾಗಲಿ, ಕೆನಡಾದ್ದಾಗಲಿ, ಒರಟು ಕಲ್ಲು ಅಲ್ಲಿಗೆ ಬಂದು, ಲೇಸರಿನಿಂದ ಸೀಳಿ, ವಜ್ರದ ಪುಡಿ ಬಳಿದ ತಿರುಗುವ ತಟ್ಟೆಯ ಮೇಲೆ ಉಜ್ಜಿಸಿಕೊಂಡು, ಅರ್ಧಕ್ಕೂ ಹೆಚ್ಚು ತೂಕ ಕಳೆದುಕೊಂಡು ಹೊರಡುತ್ತದೆ. ಅಲ್ಲಿ ಹುಟ್ಟುವುದೆಲ್ಲ ಹೊಸ ಅಳತೆಯ, ಚೂಪು ತಳದ ಕಲ್ಲು. ನಮಗೆ ಬೇಕಾದದ್ದು ಹಳೆಯ ಒಡವೆ ಮುರಿದಾಗ ಬಿಡಿಯಾಗಿ ಉಳಿಯುವ ಕಲ್ಲು. ಅದನ್ನು ಮುಂಬಯಿಯ ಪರಿಚಯದ ದಲ್ಲಾಳಿಯ ಮೂಲಕ ತರಿಸಬೇಕಾಯಿತು. ಬಂದ ದಿನ ಯಜಮಾನರು ನೀಲಿ ಒಳಪದರದ, ಐದು ಮಡಿಕೆಯ ಬಿಳಿ ಕಾಗದದ ಪೊಟ್ಟಣವನ್ನು ನಮ್ಮ ಎದುರಿಗೇ ಬಿಚ್ಚಿದರು. ಒಳಗೆ ಎರಡು ಕಲ್ಲುಗಳು. ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ತೂಕ, ಬಣ್ಣ, ಬೆಲೆಯ ಗುರುತು. ಆ ಬೆಲೆಯ ಗುರುತನ್ನು ಅವರು ಕೈಯಿಂದ ಮುಚ್ಚಿಕೊಳ್ಳಲಿಲ್ಲ. ಹದಿನಾರು ಸೆಂಟಿನದು (ಕ್ಯಾರಟ್ಟಿನ ನೂರನೆಯ ಒಂದು ಪಾಲು ಒಂದು ಸೆಂಟು) ಗೂಡಿಗೆ ಸರಿಯಾಗಿತ್ತು, ಆದರೆ ಒಂದು ಮೈಯಲ್ಲಿ ಸಣ್ಣ ಗರಿಯಂಥ ಬಿರುಕು. ಹದಿನೆಂಟರದು ಶುಭ್ರವಾಗಿತ್ತು, ಗೂಡಿಗೆ ಕೂದಲೆಳೆಯಷ್ಟು ದೊಡ್ಡದು.

ಬಿರುಕು ಕಂಡ ಕೂಡಲೇ ನನ್ನ ಹೆಂಡತಿ, "ಇದು ಕಾಕಪಾದ ಅಲ್ಲವೇನ್ರೀ?" ಎಂದಳು. ಕಾಗೆಯ ಹೆಜ್ಜೆಯಂತೆ ಕವಲೊಡೆದ ಗೆರೆಯಿರುವ ವಜ್ರ ಮನೆಗೆ ಆಗಿಬರುವುದಿಲ್ಲ ಎಂಬುದು ರತ್ನಶಾಸ್ತ್ರದ ಹಳೆಯ ಮಾತು. ವಜ್ರ ಎಷ್ಟೇ ಗಟ್ಟಿಯಾದರೂ ನಾಲ್ಕು ದಿಕ್ಕಿನಲ್ಲಿ ಸೀಳಲು ಒಪ್ಪುತ್ತದೆ, ಆ ಸೀಳುಗೆರೆಗಳು ಒಂದೆಡೆ ಕೂಡಿದರೆ ಹಕ್ಕಿಯ ಹೆಜ್ಜೆಯಂತೆ ಕಂಡರೆ ಆಶ್ಚರ್ಯವಿಲ್ಲ; ಪೆಟ್ಟು ಬಿದ್ದಾಗ ಅಂಥ ಕಲ್ಲು ಒಡೆಯುವ ಸಂಭವವೂ ಹೆಚ್ಚು. ಶಾಸ್ತ್ರದ ಭಯಕ್ಕೂ ನನ್ನ ಪಾಠಕ್ಕೂ ಇಲ್ಲಿ ಜಗಳವಿರಲಿಲ್ಲ. ಹದಿನೆಂಟು ಸೆಂಟಿನದನ್ನೇ ಆರಿಸಿದೆವು. ಅದನ್ನು ಮೂರು ದಿನ ಮನೆಯಲ್ಲಿ ದೇವರ ಮುಂದಿಟ್ಟು ನೋಡುವ ಪದ್ಧತಿಗೆ ಯಜಮಾನರು ಅಡ್ಡಿ ಹೇಳಲಿಲ್ಲ. ಅರ್ಧ ಹಣ ಠೇವಣಿ ಇರಿಸಿಕೊಂಡು, ತೂಕವನ್ನು ಎರಡು ದಶಮಾಂಶದವರೆಗೆ ಬರೆದ ಚೀಟಿ ಕೊಟ್ಟು, ವಾಪಸ್ ತಂದಾಗ ಮತ್ತೆ ತೂಗಿ, ಮಸೂರದಲ್ಲಿ ಮತ್ತೆ ನೋಡಿ ತೆಗೆದುಕೊಂಡರು. ಆ ಮೂರು ರಾತ್ರಿ ಮನೆಯಲ್ಲಿ ಕೆಟ್ಟದ್ದೇನೂ ನಡೆಯಲಿಲ್ಲ, ನಮ್ಮ ಬೀದಿಗೆ ನೀರು ಬಿಡದ್ದನ್ನು ಬಿಟ್ಟರೆ.

ಬೆಲೆಯ ವಿಷಯದಲ್ಲಿ ನಾನು ಸ್ವಲ್ಪ ಜಗ್ಗಾಡಿದೆ, ಉತ್ತರವಾಗಿ ಒಂದು ಪಾಠವೇ ಸಿಕ್ಕಿತು. ವಜ್ರದ ಬೆಲೆ ತೂಕದ ಜೊತೆ ನೇರವಾಗಿ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಕ್ಯಾರಟ್ಟಿನ ಕಲ್ಲು ಎರಡು ಅರ್ಧ ಕ್ಯಾರಟ್ಟಿನ ಕಲ್ಲುಗಳಿಗಿಂತ ಬಹಳ ದುಬಾರಿ. ಸಗಟು ವ್ಯಾಪಾರಿಗಳು 1978ರಿಂದ ನ್ಯೂಯಾರ್ಕಿನ ರಾಪಾಪೋರ್ಟ್ ಪಟ್ಟಿಯನ್ನು ಹಿಡಿದು, ಅದರ ಮೇಲೆ ಇಷ್ಟು ಕಡಿಮೆ ಅಷ್ಟು ಕಡಿಮೆ ಎಂದು ಮಾತಾಡುತ್ತಾರೆ. ಗಿರಾಕಿಯ ಎದುರಿಗೆ ಆ ಪಟ್ಟಿ ಬರುವುದಿಲ್ಲ. ಅದಕ್ಕೂ ಮೇಲೆ, ಗಣಿಯ ಬಾಯಲ್ಲಿ, ಗಿರಾಕಿಯಷ್ಟೇ ವ್ಯಾಪಾರಿಯೂ ಕೈಕಟ್ಟಿ ನಿಂತವನು. 1888ರಲ್ಲಿ ಕಿಂಬರ್ಲಿಯ ಗಣಿಗಳನ್ನು ಒಂದುಗೂಡಿಸಿ ಸೆಸಿಲ್ ರೋಡ್ಸ್ ಕಟ್ಟಿದ ಡಿ ಬೀರ್ಸ್ ಕಂಪನಿ, ಇಪ್ಪತ್ತನೆಯ ಶತಮಾನದ ಬಹುಭಾಗ ಲೋಕದ ಒರಟು ವಜ್ರದ ಬಹುಪಾಲನ್ನು ತನ್ನ ಕೈಯಿಂದಲೇ ಹಾಯಿಸಿತು. ಆರಿಸಿದ ಕೆಲವೇ ವ್ಯಾಪಾರಿಗಳನ್ನು ವರ್ಷಕ್ಕೆ ಹತ್ತು ಸಲ ಕರೆಸಿ, ಒಬ್ಬೊಬ್ಬರ ಮುಂದೆ ಒಂದೊಂದು ಪೆಟ್ಟಿಗೆ ಇಡುವ ಪದ್ಧತಿ ಅದರದು. ಪೆಟ್ಟಿಗೆಯಲ್ಲಿ ಏನಿದೆಯೋ ಅದು, ಬೆಲೆ ಕಂಪನಿ ಹೇಳಿದ್ದು. ಬೇಡಿಕೆ ಇಳಿದಾಗ ಕಲ್ಲನ್ನು ಉಗ್ರಾಣದಲ್ಲಿ ಹಿಡಿದಿಟ್ಟುಕೊಳ್ಳುತ್ತಿತ್ತು. ಮಂಡ್ಯದ ಕಬ್ಬು ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ವ್ಯತ್ಯಾಸವಿಷ್ಟೇ: ವಜ್ರದಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಇದ್ದದ್ದು ಮಾರುವವನಿಗೆ. ಆ ಹಿಡಿತ ಈಗ ಸಡಿಲಾಗಿದೆ. ರಷ್ಯಾ, ಆಸ್ಟ್ರೇಲಿಯಾ, ಕೆನಡಾಗಳ ಗಣಿಗಳು ಬೇರೆ ದಾರಿ ಹಿಡಿದವು, ಒರಟು ವಜ್ರದ ಆ ಮಾರಾಟದ ಮೇಜು ಕೂಡ 2013ರಲ್ಲಿ ಲಂಡನ್ನಿನಿಂದ ಬೋಟ್ಸ್‌ವಾನಾದ ಗಬೊರೋನಿಗೆ ಹೋಯಿತು.

ವಜ್ರ ಎಂದೆಂದಿಗೂ ಇರುವಂಥದ್ದು ಎಂಬ ಜಾಹೀರಾತಿನ ಸಾಲು ಇದೇ ಕಂಪನಿಗಾಗಿ 1947ರಲ್ಲಿ ಫ್ರಾನ್ಸಿಸ್ ಗೆರೆಟಿ ಎಂಬ ಮಹಿಳೆ ಬರೆದದ್ದು. ಆ ಸಾಲಿನಲ್ಲಿ ಪ್ರೀತಿಯ ಮಾತಿನ ಜೊತೆಗೆ ವ್ಯಾಪಾರದ ಒಂದು ಎಚ್ಚರವೂ ಇದೆ ಎಂದು ನನಗನ್ನಿಸುತ್ತದೆ: ಕೊಂಡವರು ಕೊಂಡದ್ದನ್ನು ಮಾರಲು ಹೊರಟರೆ, ಅಷ್ಟು ವರ್ಷ ಮನೆಗಳಲ್ಲಿ ಕೂಡಿದ ಕಲ್ಲೆಲ್ಲ ಪೇಟೆಗೆ ಬಂದು ಹೊಸ ಕಲ್ಲಿನ ಬೆಲೆ ಉಳಿಯದು. ನಮ್ಮ ಕಡೆ ಓಲೆ ತಾಯಿಯಿಂದ ಮಗಳಿಗೆ ಬರುವುದಕ್ಕೆ ಈ ಸಾಲಿನ ಅಗತ್ಯವಿರಲಿಲ್ಲ. ಆದರೆ ನಮ್ಮ ಮನೆಗಳಲ್ಲಿ ಒಡವೆಯೆಂದರೆ ಆಪತ್ತಿಗೆ ಆಗುವ ಧನವೂ ಹೌದು. ಚಿನ್ನಕ್ಕೆ ಸಲ್ಲುವ ಈ ನಂಬಿಕೆಯನ್ನು ಸದ್ದಿಲ್ಲದೆ ವಜ್ರಕ್ಕೂ ಹೊಂದಿಸಿಬಿಟ್ಟಿದ್ದೇವೆ. ಷೋರೂಮಿನ ಆ ಸೊನ್ನೆಯ ಮುಂದೆ ನಿಂತಾಗಲೇ ನನ್ನ ಹೆಂಡತಿಗೆ ಇದು ಅರ್ಥವಾದದ್ದು. ಗಲ್ಲಿಯ ಅಂಗಡಿಯಲ್ಲಿ ಇದೇ ಪ್ರಶ್ನೆ ಕೇಳಿದೆವು: ಈ ಓಲೆಯನ್ನು ಪೂರ್ತಿ ಮಾರಿದರೆ ಏನು ಕೊಡುತ್ತೀರಿ? ಚಿನ್ನಕ್ಕೆ ದಿನದ ದರ, ಕಲ್ಲುಗಳಿಗೆ ಇಂದು ತಾವು ಅಂಥದ್ದನ್ನು ಮಾರುವ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಎಂದರು. "ಕೂರಿಸುವಾಗ ಹೇಳದೇ ಇದ್ದದ್ದನ್ನ ಮಾರುವಾಗ ಹೇಳಬಾರದು ಅಮ್ಮಾವ್ರೇ, ಅದಕ್ಕೇ ಈಗಲೇ ಹೇಳ್ತಿದ್ದೀನಿ" ಎಂಬ ಅವರ ಮಾತು ನನಗೆ ಹಿಡಿಸಿತು. ಹೊಸ ಕಲ್ಲಿನ ಬಿಲ್ಲಿನ ಹಿಂದೆ, ತಾವೇ ವಾಪಸ್ ತೆಗೆದುಕೊಂಡರೆ ಅಂದಿನ ಮಾರಾಟದ ಬೆಲೆಯಲ್ಲಿ ಎಷ್ಟು ಪಾಲು ಕೊಡುವುದೆಂದು ಕೈಬರಹದಲ್ಲಿ ಬರೆದು ಸಹಿ ಹಾಕಿದರು.

ಕೂರಿಸುವ ಕೆಲಸವನ್ನು ಮಾಡಿದವರು ಹಿಂದಿನ ಕೋಣೆಯ ಹಿರಿಯ ಕೆಲಸಗಾರರು. ನಮ್ಮ ಓಲೆ ಹಿಂಬದಿ ಮುಚ್ಚಿದ ಹಳೆಯ ಕಟ್ಟಡದ್ದು; ಕಲ್ಲಿನ ಹಿಂದೆ ಬೆಳಕು ಬರುವ ತೂತಿಲ್ಲ, ಚಿನ್ನದ ಬಟ್ಟಲಿನಲ್ಲಿ ಕಲ್ಲು ಕುಳಿತಿರುತ್ತದೆ. ಹದಿನೆಂಟು ಸೆಂಟಿನ ಕಲ್ಲಿಗಾಗಿ ಗೂಡಿನ ಒಳಗೋಡೆಯನ್ನು ಚೂರು ಕೆರೆದು, ಕಲ್ಲನ್ನು ಮೇಣದ ಕಡ್ಡಿಯ ತುದಿಗೆ ಅಂಟಿಸಿ ಇಳಿಸಿ, ಸುತ್ತಲಿನ ಚಿನ್ನದ ಅಂಚನ್ನು ಉಕ್ಕಿನ ಮೊನೆಯಿಂದ ಒತ್ತಿ ಒತ್ತಿ ಕಲ್ಲಿನ ಮೇಲೆ ಮಲಗಿಸಿದರು. ಕೆರೆದ ಚಿನ್ನದ ಪುಡಿಯನ್ನು ಕಾಗದದಲ್ಲಿ ಕೂಡಿಸಿ ತೂಗಿ ನಮಗೆ ತೋರಿಸಿದ್ದು ನಾನು ಕೇಳಿದ್ದಕ್ಕಲ್ಲ. ಉಳಿದ ಹದಿಮೂರರ ಅಂಚುಗಳನ್ನೂ ನೋಡಿ, ಸಡಿಲವಾಗಿದ್ದ ಎರಡನ್ನು ಬಿಗಿ ಮಾಡಿದರು, ತಿರುಪನ್ನು ಬದಲಿಸಿದರು.

ಮೂಗುತಿಯ ಕಥೆ ಬೇರೆ, ಅದರಲ್ಲಿ ಮನೆಯೊಳಗಿನ ಒಂದು ಜಗಳವೂ ಸೇರಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಪ್ರಯೋಗಾಲಯದಲ್ಲಿ ಬೆಳೆದ ವಜ್ರವೇ ಬೇಕೆಂದಳು. "ಅಪ್ಪ, ಇದನ್ನ ಯಾರು ತೋಡಿದ್ರು ಅಂತ ಇವರಿಗೇ ಗೊತ್ತಿಲ್ಲ" ಎಂಬುದು ಅವಳ ಆಕ್ಷೇಪ. ಯಜಮಾನರು ಅದನ್ನು ಅಲ್ಲಗಳೆಯಲಿಲ್ಲ. ಅಂಗೋಲಾ, ಸಿಯೆರಾ ಲಿಯೋನ್‌ಗಳ ಯುದ್ಧಗಳಿಗೆ ವಜ್ರದ ಹಣ ಹರಿದದ್ದು ಬಯಲಾದ ಮೇಲೆ, 2003ರಿಂದ ಕಿಂಬರ್ಲಿ ಪ್ರಕ್ರಿಯೆ ಎಂಬ ವ್ಯವಸ್ಥೆ ಜಾರಿಯಲ್ಲಿದೆ. ಒರಟು ವಜ್ರ ಗಡಿ ದಾಟುವಾಗ ಸರ್ಕಾರದ ಪ್ರಮಾಣಪತ್ರ ಇರಲೇಬೇಕು. ಆದರೆ ಅದು ತಡೆಯುವುದು ಬಂಡುಕೋರರ ಕೈಗೆ ಹಣ ಸೇರುವುದನ್ನು ಮಾತ್ರ, ಗಣಿಯ ಕೂಲಿಯವನ ಪಾಡನ್ನಲ್ಲ. ಕಲ್ಲು ಹೊಳಪು ಪಡೆದ ಮೇಲೆ ಉಳಿಯುವುದು ಮಾರುವವನು ಬಿಲ್ಲಿನಲ್ಲಿ ಬರೆಯುವ ಒಂದು ಸಾಲಿನ ಭರವಸೆ. ಮುಂಬಯಿಯ ಬಿಲ್ಲಿನಲ್ಲಿದ್ದ ಆ ಸಾಲನ್ನು ಅವರು ತೋರಿಸಿದರು. ಕಲ್ಲು ಯಾವ ದೇಶದ್ದೆಂದು ಅದರಲ್ಲಿ ಇರಲಿಲ್ಲ.

ನನ್ನ ಹೆಂಡತಿಯ ವಾದ, ಕಾರ್ಖಾನೆಯ ಕಲ್ಲನ್ನು ಮೂಗಿಗಿಡುವುದೇ ಎಂಬುದು. ಇಲ್ಲಿ ನಾನು ಮಗಳ ಪರ ಸಾಕ್ಷಿ ಹೇಳಬೇಕಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟ್ರೇಸಿ ಹಾಲ್ 1954ರ ಡಿಸೆಂಬರಿನಲ್ಲಿ ಒತ್ತಡ ಮತ್ತು ಶಾಖದಿಂದ ವಜ್ರ ಮಾಡಿದ ಮೇಲೆ, ಇದು ನಕಲಿ ಕಲ್ಲಲ್ಲ, ಅದೇ ಇಂಗಾಲ, ಅದೇ ಜೋಡಣೆ. ಇಂದು ಹೆಚ್ಚು ಬಳಕೆಯ ಇನ್ನೊಂದು ವಿಧಾನದಲ್ಲಿ ಇಂಗಾಲವಿರುವ ಅನಿಲದಿಂದ ವಜ್ರದ ತೆಳು ಬಿಲ್ಲೆಯ ಮೇಲೆ ಪದರ ಪದರವಾಗಿ ಬೆಳೆಸುತ್ತಾರೆ. ಅಂಗಡಿಗಳಲ್ಲಿ ಪೆನ್ನಿನಂಥ ಉಪಕರಣವನ್ನು ಕಲ್ಲಿಗೆ ಮುಟ್ಟಿಸಿ 'ಪಿಂ' ಎನಿಸಿ ನಂಬಿಸುವುದುಂಟು. ಅದು ನೋಡುವುದು ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು, ಗಾಜನ್ನು ಹಿಡಿಯುತ್ತದೆ, ನೆಲದ ವಜ್ರಕ್ಕೂ ಪ್ರಯೋಗಾಲಯದ್ದಕ್ಕೂ ಒಂದೇ ರೀತಿ ಕೂಗುತ್ತದೆ. ಬೇರ್ಪಡಿಸಲು ದೊಡ್ಡ ಯಂತ್ರಗಳೇ ಬೇಕು. ಯಜಮಾನರು ಆ ಪೆನ್ನನ್ನು ನಮ್ಮೆದುರೇ ಎರಡೂ ಬಗೆಯ ಕಲ್ಲಿಗೆ ಮುಟ್ಟಿಸಿ, ಎರಡೂ ಸಲ ಕೂಗಿಸಿ, ಪಕ್ಕಕ್ಕಿಟ್ಟರು. ಬೆಲೆಯಲ್ಲಿ ಮಾತ್ರ ಅಂತರ ದೊಡ್ಡದು: ಹತ್ತು ಸೆಂಟಿನ ಒಂದೇ ದರ್ಜೆಯ ಎರಡು ಕಲ್ಲುಗಳಲ್ಲಿ ಪ್ರಯೋಗಾಲಯದ್ದಕ್ಕೆ ಅವರು ಹೇಳಿದ್ದು ನೆಲದ ಕಲ್ಲಿನ ಐದನೆಯ ಒಂದು ಪಾಲಿಗಿಂತ ಕಡಿಮೆ, ಮುಂದೆ ಇನ್ನೂ ಇಳಿಯಬಹುದೆಂದೂ ಸೇರಿಸಿದರು. ಡಿ ಬೀರ್ಸ್ ಕಂಪನಿಯೇ 2018ರಲ್ಲಿ ಇಂಥ ಕಲ್ಲನ್ನು ಅಗ್ಗದ ಒಡವೆಯಾಗಿ ಮಾರಲು ಲೈಟ್‌ಬಾಕ್ಸ್ ಎಂಬ ಹೆಸರಿನಲ್ಲಿ ಹೊರಟು, 2025ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿತು. ದರ್ಜೆ ಕೊಡುವ ಜಿಐಎ ಸಂಸ್ಥೆಯೂ ಅದೇ ವರ್ಷ, ಇವುಗಳಿಗೆ ನೆಲದ ವಜ್ರದ ಬಣ್ಣ, ಶುದ್ಧತೆಗಳ ಸೂಕ್ಷ್ಮ ದರ್ಜೆಗಳನ್ನು ಬಳಸುವುದಿಲ್ಲವೆಂದು ಘೋಷಿಸಿತು. ಕೊನೆಗೆ ಮಗಳೇ ಗೆದ್ದಳು. ಬಿಲ್ಲಿನಲ್ಲಿ 'ಪ್ರಯೋಗಾಲಯದಲ್ಲಿ ಬೆಳೆದ ವಜ್ರ. ವಾಪಸಾದರೆ ಚಿನ್ನಕ್ಕೆ ಮಾತ್ರ ಬೆಲೆ' ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಅದನ್ನು ಓದಿ ನನ್ನ ಹೆಂಡತಿ ನನ್ನ ಕಡೆ ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ.

ಕೊರತೆಗಳೂ ಇವೆ. ಎರಡು ವಾರದ ವಿಳಂಬವನ್ನು ಅವರಾಗಿ ತಿಳಿಸಲಿಲ್ಲ, ನಾವೇ ಫೋನು ಮಾಡಿ ಕೇಳಬೇಕಾಯಿತು. ಒಂದು ಸಲ ಬರಿಗೈಯಲ್ಲಿ ಮಂಡ್ಯಕ್ಕೆ ಮರಳಿದೆವು. ಗಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ, ದೊಡ್ಡ ಗಡಿಯಾರದ ಹತ್ತಿರ ಬಿಟ್ಟು ನಡೆದುಬರುವುದೇ ಸುಲಭ. ಮೂಗುತಿಯ ಮೊದಲ ಬಿಲ್ಲಿನಲ್ಲಿ ಒಟ್ಟು ತೂಕ 0.52 ಗ್ರಾಂ ಪೂರ್ತಿಗೂ ಚಿನ್ನದ ದರ ಹಾಕಿದ್ದರು. ಹತ್ತು ಸೆಂಟೆಂದರೆ 0.02 ಗ್ರಾಂ, ಅದನ್ನು ಕಳೆಯಬೇಕೆಂದು ತೋರಿಸಿದಾಗ ಮಾತಿಲ್ಲದೆ ತಿದ್ದಿದರು. ಮೊತ್ತ ಸಣ್ಣದು, ಆದರೆ ದೊಡ್ಡ ಹಾರದಲ್ಲಿ ಇದೇ ತಪ್ಪು ಸಣ್ಣದಾಗಿ ಉಳಿಯದು. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲದ ಕಾರಣ ಮೂಗುತಿಗೆ ಹಾಲ್‌ಮಾರ್ಕಿನ ಜೊತೆ ಕೊರೆಯುವ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಬರುವುದಿಲ್ಲ. ಹದಿನೆಂಟು ಕ್ಯಾರಟ್ ಚಿನ್ನವೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಮಜೂರಿ ಎಷ್ಟೆಂದು ಗೋಡೆಯ ಮೇಲೆ ಹಾಕಿಲ್ಲ, ಕೇಳಿದವರಿಗಷ್ಟೇ ಹೇಳುತ್ತಾರೆ. ಹೊಸ ಮಾದರಿಗಳನ್ನು ನೋಡಿ ಆರಿಸಬೇಕೆನ್ನುವವರಿಗೆ ಇಲ್ಲಿ ನಿರಾಶೆಯೇ ಹೆಚ್ಚು. ಹಳೆಯ ಓಲೆ, ಬೇಸರಿ, ಮೂಗುಬೊಟ್ಟುಗಳನ್ನು ಸರಿಮಾಡಿಸಬೇಕಾದವರು ಸಮಯ ಇಟ್ಟುಕೊಂಡು ಹೋಗಬಹುದು.

ಓಲೆ ಮನೆಗೆ ಬಂದ ರಾತ್ರಿ ಮಗಳು ತನ್ನ ಬಳಿ ಇದ್ದ, ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚನ್ನು ತಂದು ಕೋಣೆಯ ದೀಪ ಆರಿಸಿದಳು. ಹದಿಮೂರು ಕಲ್ಲುಗಳು ಮೊದಲಿನಂತೆಯೇ ಗಾಢ ನೀಲಿಯಾದವು. ಎಡಗಿವಿಯ ಅಂಚಿನ ಹದಿನಾಲ್ಕನೆಯದು ಮಾತ್ರ ಮಂಕಾಗಿ, ತಿಳಿ ಹಾಲಿನ ಬಣ್ಣದಲ್ಲಿ ಉಳಿಯಿತು. ಹಗಲಿನ ಬೆಳಕಿನಲ್ಲಿ ಯಾವುದು ಹೊಸದೆಂದು ಹೇಳಲಾಗದು. ನನ್ನ ಹೆಂಡತಿ ಬಿಲ್ಲನ್ನು ತರಿಸಿ ಕನ್ನಡಕ ಹಾಕಿಕೊಂಡು ಓದಿದಳು. ಮೂರನೆಯ ಸಾಲಿನಲ್ಲಿ ಯಜಮಾನರ ಕೈಬರಹವಿತ್ತು: 'ಹಳೆ ಕಟಿಂಗ್, 0.18 ಕ್ಯಾರಟ್, ನೀಲಿ ಹೊಳಪು ಉಳಿದವಕ್ಕಿಂತ ಕಡಿಮೆ.'